ಒತ್ತು ಶ್ಯಾವಿಗೆ: ಎಳೆ ತುಂಡಾಗದೆ ಬರಬೇಕಾದರೆ

ಒತ್ತುವಾಗ ಎಳೆ ಎರಡು ಇಂಚಿಗೊಮ್ಮೆ ಕಡಿದು ಬಿದ್ದರೆ ಎಲ್ಲರೂ ದೂರುವುದು ಶ್ಯಾವಿಗೆ ಒತ್ತುವ ಒರಳನ್ನು. ಒರಳಿನ ತಪ್ಪು ಅಪರೂಪ. ಹಿಟ್ಟು ಒಲೆಯ ಮೇಲೆ ಸರಿಯಾಗಿ ಕಾಯಲಿಲ್ಲ, ಉಂಡೆಯ ನಡುಭಾಗ ಬೇಯಲಿಲ್ಲ, ಇಲ್ಲವೇ ಬೆಂದ ಉಂಡೆಯನ್ನು ಆರಲು ಬಿಟ್ಟರು. ಶ್ಯಾವಿಗೆ ಕೆಡುವುದು ಸಾಮಾನ್ಯವಾಗಿ ಈ ಮೂರು ಕಡೆ.

ಇಡಿಯಪ್ಪಕ್ಕೆ ಅಕ್ಕಿ ಹಿಟ್ಟನ್ನು ಬಿಸಿನೀರಲ್ಲಿ ಕಲಸಿ, ಮೊದಲು ಒತ್ತಿ ಆಮೇಲೆ ಹಬೆಯಲ್ಲಿ ಬೇಯಿಸುತ್ತಾರೆ. ನಮ್ಮ ಮಲೆನಾಡು, ಕರಾವಳಿಯ ಒತ್ತು ಶ್ಯಾವಿಗೆಯದು (ತುಳುವಿನಲ್ಲಿ ಸೇಮೆ) ತಿರುವುಮುರುವು ಕ್ರಮ: ಮೊದಲು ಬೇಯಿಸಿ, ಸುಡುಸುಡು ಇರುವಾಗಲೇ ಒತ್ತುವುದು. ತೋಳಿಗೆ ಕೆಲಸ ಹೆಚ್ಚು, ಆದರೆ ಎಳೆ ಉದ್ದ ಬರುತ್ತದೆ, ಬೆಳಿಗ್ಗೆ ಮಾಡಿದ್ದು ಸಂಜೆಗೂ ಮೆತ್ತಗಿರುತ್ತದೆ.

ನಾಲ್ಕು ಜನರಿಗೆ 2 ಲೋಟ ಅಕ್ಕಿ, ಅರ್ಧ ಲೋಟ ತೆಂಗಿನತುರಿ, 1 ಚಮಚ ಉಪ್ಪು, 1 ದೊಡ್ಡ ಚಮಚ ತೆಂಗಿನೆಣ್ಣೆ. ಅಕ್ಕಿ ಬೆಳ್ತಿಗೆಯೇ (ಕುಚ್ಚಲಲ್ಲದ ಬಿಳಿ ಅಕ್ಕಿ) ಆಗಬೇಕು, ಅದೂ ಹಳೆಯದು. ದೋಸೆ ಅಕ್ಕಿ ಅಥವಾ ಸೋನಾ ಮಸೂರಿ ಸಾಕು. ಹೊಸ ಅಕ್ಕಿ ಅಂಟಂಟಾಗಿ ಎಳೆಗಳು ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ. ಬಾಸ್ಮತಿಯ ತಂಟೆಗೆ ಹೋಗಬೇಡಿ.

ಅಕ್ಕಿಯನ್ನು 4–5 ಗಂಟೆ ನೆನೆಸಿ, ತೊಳೆದು, ಕಾಯಿ ಜೊತೆ ರುಬ್ಬಿ. ಬೆರಳುಗಳ ನಡುವೆ ಉಜ್ಜಿದರೆ ರವೆ ಸಿಗಬಾರದು. ಕಾಯಿಯ ಒಂದು ಚೂರು ಉಳಿದರೂ ಅಚ್ಚಿನ ತೂತು ಕಟ್ಟಿಕೊಳ್ಳುತ್ತದೆ. ಹಾಗಾಗಿ ಮಿಕ್ಸಿಯಲ್ಲಾದರೆ ಕಾಯಿಯನ್ನು ಒಂದು ಹಿಡಿ ಅಕ್ಕಿಯ ಜೊತೆ ಮೊದಲೇ ನುಣ್ಣಗೆ ಮಾಡಿಕೊಳ್ಳಿ. ರುಬ್ಬಲು, ಆಮೇಲೆ ತೆಳು ಮಾಡಲು ಒಟ್ಟು 3 ಲೋಟ ನೀರು ಸಾಕು. ಹಿಟ್ಟು ನೀರುದೋಸೆಯದಕ್ಕಿಂತ ಸ್ವಲ್ಪ ದಪ್ಪವಿರಲಿ.

ಇನ್ನು ಕಾಯಿಸುವುದು. ಅವಸರ ಮಾಡುವವರು ಸೋಲುವುದು ಇಲ್ಲೇ. ದಪ್ಪ ತಳದ ಬಾಣಲೆಗೆ ಎಣ್ಣೆ, ಹಿಟ್ಟು, ಉಪ್ಪು ಹಾಕಿ ಮಧ್ಯಮ ಉರಿಯಲ್ಲಿ ಮರದ ಸಟ್ಟುಗದಿಂದ ತಳ ಮುಟ್ಟಿ ಕೈಬಿಡದೆ ತೊಳಸಿ. ಮೊದಲು ಏನೂ ಆಗದಂತೆ ಕಾಣುತ್ತದೆ. ಆಮೇಲೆ ಇದ್ದಕ್ಕಿದ್ದಂತೆ ತಳದಲ್ಲಿ ಗಂಟು ಕಟ್ಟುತ್ತದೆ. ಗಾಬರಿಯಾಗಿ ನೀರು ಸುರಿಯಬೇಡಿ. ಉರಿ ಸಣ್ಣ ಮಾಡಿ, ಗಂಟುಗಳನ್ನು ಬಾಣಲೆಯ ಬದಿಗೆ ಒತ್ತಿ ಒಡೆಯುತ್ತಾ ತಿರುವಿ. ಪಿಷ್ಟ ನೀರು ಹೀರಿ ಉಬ್ಬಿದಂತೆ ಸುಣ್ಣದಂತಿದ್ದ ಬಿಳುಪು ಹೋಗಿ ತುಸು ಹೊಳಪು ಬರುತ್ತದೆ, ಎಲ್ಲವೂ ಒಂದೇ ಮುದ್ದೆಯಾಗಿ ತಳ ಬಿಡುತ್ತದೆ. ಒದ್ದೆ ಬೆರಳಲ್ಲಿ ಮುಟ್ಟಿ ನೋಡಿ. ಅಂಟದಿದ್ದರೆ ಆಗಿದೆ, ಕೂಡಲೇ ಇಳಿಸಿ. ಇದಕ್ಕಿಂತ ಮೊದಲೇ ಇಳಿಸಿದರೆ ಉಂಡೆ ಹಬೆಯಲ್ಲಿ ಕುಸಿಯುತ್ತದೆ, ಎಳೆಗಳು ಮುದ್ದೆಗಟ್ಟುತ್ತವೆ. ಇನ್ನೂ ಕಾಯಿಸಿದಿರೋ, ಮುದ್ದೆ ಒಣಗಿ ಇಬ್ಬರು ಸೇರಿ ತಿರುಗಿಸಿದರೂ ಒರಳಿನಿಂದ ಇಳಿಯುವುದಿಲ್ಲ. ತಳ ಹಿಡಿದಿದ್ದರೆ ಕೆರೆಯದೆ ಮೇಲಿನದನ್ನಷ್ಟೇ ತೆಗೆದುಕೊಳ್ಳಿ.

ಕೈ ತಾಳುವಷ್ಟು ಬಿಸಿಯಿರುವಾಗಲೇ ಕೈ ಒದ್ದೆ ಮಾಡಿಕೊಂಡು ಚೆನ್ನಾಗಿ ನಾದಿ. ಒರಳಿನ ಕೊಳವೆಗೆ ಸಲೀಸಾಗಿ ಇಳಿಯುವಂತೆ ನೀಳ ಉಂಡೆ ಕಟ್ಟಿ. ಮೇಲ್ಮೈಯಲ್ಲಿ ಬಿರುಕಿದ್ದರೆ ನಾದಿದ್ದು ಸಾಲದು.

ಇಡ್ಲಿ ಪಾತ್ರೆಯ ನೀರು ಮೊದಲೇ ಮರಳುತ್ತಿರಬೇಕು. ಉಂಡೆಗಳ ನಡುವೆ ಜಾಗ ಬಿಟ್ಟು, ಮುಚ್ಚಳದ ಹನಿ ಬೀಳದಂತೆ ಬಟ್ಟೆ ಕಟ್ಟಿ, 20 ನಿಮಿಷ ಬೇಯಿಸಿ. ಹಬೆಯ ಬದಲು ಕುದಿಯುವ ನೀರಿಗೇ ಉಂಡೆ ಹಾಕುವ ಪದ್ಧತಿಯೂ ಇದೆ. ತೇಲಿದ ಮೇಲೆ ಇನ್ನೂ 5 ನಿಮಿಷ ಬಿಡಬೇಕು. ಆದರೆ ಹೊರಪದರ ಲೋಳೆಯಾಗುವುದರಿಂದ ಹಬೆಯೇ ಮೇಲು. ಒಂದು ಉಂಡೆ ಕೊಯ್ದು ನೋಡದೆ ಒತ್ತಲು ಹೊರಡಬೇಡಿ. ಒಳಗೆ ಬಿಳಿ ಚುಕ್ಕೆಯಂಥ ಹಸಿ ಹಿಟ್ಟು ಕಂಡರೆ ಇನ್ನೂ 5 ನಿಮಿಷ. ಎಳೆ ತುಂಡಾಗುವುದು ಆ ಚುಕ್ಕೆಯಿಂದಲೇ.

ಒತ್ತುವಾಗ ಇಬ್ಬರಿರಲಿ. ಉರಿ ಸಣ್ಣ ಮಾಡಿ ಉಂಡೆಗಳನ್ನು ಪಾತ್ರೆಯಲ್ಲೇ ಬಿಟ್ಟು, ಒಂದೊಂದಾಗಿ ತೆಗೆಯಬೇಕು. ಎಲ್ಲವನ್ನೂ ತಟ್ಟೆಗೆ ಹಾಕಿಟ್ಟುಕೊಂಡು ಕೂತರೆ ಮೂರನೆಯದಕ್ಕೇ ಬಿಸಿ ಹೋಗಿರುತ್ತದೆ. ಕೊಳವೆಯನ್ನು ಬಿಸಿನೀರಲ್ಲಿ ಅದ್ದಿ ಒರೆಸಿ, ಅಚ್ಚಿಗೂ ಒಳಗೋಡೆಗೂ ಎಣ್ಣೆ ಸವರಿ. ಒಬ್ಬರು ಹಿಡಿ ತಿರುಗಿಸುವಾಗ ಇನ್ನೊಬ್ಬರು ಕೆಳಗೆ ಬಾಳೆಲೆ ಅಥವಾ ತಟ್ಟೆಯನ್ನು ಸುತ್ತುತ್ತಾ ಎಳೆಯನ್ನು ತೆಳುವಾಗಿ ಹರಡಿಸಿಕೊಳ್ಳಲಿ. ಬಿಸಿ ಎಳೆಯ ಮೇಲೆ ಎಳೆ ರಾಶಿ ಬಿದ್ದರೆ ಬಿಡಿಸಲಾಗದು. ಹಿಡಿ ಬಿಗಿಯಾಯಿತೆಂದರೆ ಉಂಡೆ ಆರಿದೆ. ಜೋರು ಮಾಡದೆ ಹೊರತೆಗೆದು ಮತ್ತೆ 5 ನಿಮಿಷ ಹಬೆಗೆ ಇಡಿ. ಎಳೆಯ ಮೈ ಮುಳ್ಳುಮುಳ್ಳಾಗಿ ಬರುತ್ತಿದ್ದರೆ ಹಿಟ್ಟು ತರಿಯಾಗಿ ರುಬ್ಬಿದ್ದೀರಿ, ಇಲ್ಲವೇ ಹೆಚ್ಚು ಕಾಯಿಸಿದ್ದೀರಿ.

ಒರಳಿನ ಮಾತು ಬಂದಿತೆಂದು ಹೇಳುವುದು: ಮೂರು ಕಾಲಿನ, ತಿರುಗುಹಿಡಿಯ ಹಿತ್ತಾಳೆ ಅಥವಾ ಕಬ್ಬಿಣದ ಒರಳಿಗೇ ಹಣ ಹಾಕಿ. ತೆಳು ಅಲ್ಯೂಮಿನಿಯಂನ ಕೈಒತ್ತಿನಲ್ಲಿ ಚಕ್ಕುಲಿ ಹಿಟ್ಟು ಇಳಿಯಬಹುದು. ಬೆಂದ ಅಕ್ಕಿಮುದ್ದೆಗೆ ಅದರ ತಿರುಪು ಬೇಗ ಸವೆಯುತ್ತದೆ, ಹಿಡಿ ಬಾಗುತ್ತದೆ.

ರುಬ್ಬಲು ಪುರುಸೊತ್ತಿಲ್ಲದಿದ್ದರೆ ಅಂಗಡಿಯ ಅಕ್ಕಿ ಹಿಟ್ಟೂ ಆದೀತು: 1 ಲೋಟ ಹಿಟ್ಟಿಗೆ ಒಂದೂವರೆ ಲೋಟ ನೀರು, ಉಪ್ಪು, ಎಣ್ಣೆ ಕುದಿಸಿ, ಹಿಟ್ಟು ಹಾಕಿ ಮುದ್ದೆ ತಿರುವಿ, ಮುಚ್ಚಿಟ್ಟು, ನಾದಿ. ಮುಂದಿನದೆಲ್ಲ ಮೇಲಿನಂತೆಯೇ. ರೊಟ್ಟಿಗೆಂದು ತಂದ ಹಿಟ್ಟು ತರಿಯಾಗಿರುತ್ತದೆ, ಜರಡಿ ಹಿಡಿಯಲೇಬೇಕು. ಎಳೆ ಕಡಿಯದಿರಲೆಂದು ಮೈದಾ ಸೇರಿಸುವುದು ಬೇಡ. ಆರಿದ ಮೇಲೆ ರಬ್ಬರಿನಂತಾಗುತ್ತದೆ. ಮೆತ್ತಗಾಗಬೇಕೆಂದಿದ್ದರೆ ರುಬ್ಬುವಾಗ ಒಂದು ಹಿಡಿ ಅನ್ನ ಹಾಕಿ.

ಸಿಹಿಗೆ ಕಾಯಿಹಾಲು: ಒಂದು ತೆಂಗಿನಕಾಯಿಯ ಹಾಲಿಗೆ 150 ಗ್ರಾಂ ಬೆಲ್ಲ, ಎರಡು ಏಲಕ್ಕಿ. ಬೆಲ್ಲವನ್ನು ಬೇರೆಯಾಗಿ ಕರಗಿಸಿ, ಸೋಸಿ, ಆರಿದ ಮೇಲೆ ಸೇರಿಸಿ; ಮೊದಲ ದಪ್ಪ ಹಾಲನ್ನು ಕುದಿಸಿದರೆ ಒಡೆಯುತ್ತದೆ. ಮಾವಿನ ಕಾಲದಲ್ಲಿ ರಸಾಯನಕ್ಕಿಂತ ಒಳ್ಳೆಯ ಜೊತೆ ಇಲ್ಲ. ಮಾಂಸ ತಿನ್ನುವವರು ಕೋಳಿ ಸಾರು ಮಾಡಿಕೊಳ್ಳಲಿ, ಕೊಡಗಿನಲ್ಲಿ ನೂಪುಟ್ಟಿಗೆ (ಅಲ್ಲಿನ ಅಕ್ಕಿ ಶ್ಯಾವಿಗೆ) ಮಾಡುವಂತೆ. ನಿಂಬೆಹಣ್ಣಿನ ಒಗ್ಗರಣೆಗೆ ಮಾತ್ರ ಶ್ಯಾವಿಗೆ ಪೂರ್ತಿ ಆರಿರಬೇಕು, ಬಿಸಿಯಲ್ಲಿ ಕಲಸಿದರೆ ಉಪ್ಪಿಟ್ಟಾಗುತ್ತದೆ.

ಕೊನೆಯ ಉಂಡೆ ಒತ್ತಿದ ಕೂಡಲೇ, ಊಟಕ್ಕೆ ಕೂರುವ ಮೊದಲೇ, ಅಚ್ಚನ್ನು ಬಿಚ್ಚಿ ನೀರಿಗೆ ಹಾಕಿ. ಅಂಟಿದ ಮುದ್ದೆ ಒಣಗಿದರೆ ಪ್ರತಿ ತೂತಿಗೂ ಸೂಜಿ ಹಾಕಿ ಬಿಡಿಸಬೇಕಾಗುತ್ತದೆ.