ಕೆಂಪು ಕಣ್ಣಿಗೆ ಮೊದಲು ಹಸಿರು ಬಣ್ಣ

ಶಿಡ್ಲಘಟ್ಟದಲ್ಲಿ ನಾಯಿ, ಬೆಕ್ಕುಗಳನ್ನು ನೋಡುವ ಪಶುವೈದ್ಯ ನಾನು. ಕಣ್ಣಿನ ತೊಂದರೆ ಅಂತ ಬರುವವರು ಬಹಳಷ್ಟು ಸಲ ಮನೆಯಲ್ಲಿ ಏನಾದರೂ ಹಾಕಿಯೇ ಬಂದಿರುತ್ತಾರೆ. ನಂದಿಬಟ್ಟಲು ಹೂವಿನ ರಸ, ಹರಳೆಣ್ಣೆ, ಇಲ್ಲವೇ ಮನೆಯಲ್ಲಿ ಉಳಿದಿದ್ದ ಡ್ರಾಪ್ಸ್. ಪ್ರೀತಿಯಿಂದಲೇ ಹಾಕಿರುತ್ತಾರೆ. ಆದರೆ ಕಣ್ಣು ಕೆಂಪಾಗುವುದಕ್ಕೆ ಕಾರಣ ಹತ್ತಾರು. ಒಂದು ಕಣ್ಣನ್ನು ಉಳಿಸುವ ಔಷಧಿಯೇ ಇನ್ನೊಂದು ಕಣ್ಣನ್ನು ಹಾಳು ಮಾಡುತ್ತದೆ. ಅದಕ್ಕೇ ಔಷಧಿಗಿಂತ ಮೊದಲು ನಾನು ನೋಡುವ ಕ್ರಮವನ್ನೇ ಇಲ್ಲಿ ಹೇಳುತ್ತೇನೆ.

ಬಂದ ಕೂಡಲೇ ಮುಟ್ಟುವುದಿಲ್ಲ. ನಾಯಿ ನೆಲದ ಮೇಲೆ ಓಡಾಡಲಿ ಅಂತ ಬಿಡುತ್ತೇನೆ. ಕುರ್ಚಿಗೆ ಡಿಕ್ಕಿ ಹೊಡೆಯುತ್ತಾ? ಒಂದು ಕಣ್ಣನ್ನು ಮಾತ್ರ ಕಿರಿದು ಮಾಡುತ್ತಾ? ಕಣ್ಣು ಮುಚ್ಚಿಕೊಂಡೇ ಇದ್ದರೆ ಅದು ನೋವು. ಆಮೇಲೆ ಕಣ್ಣಿನ ಮುಂದೆ ಹತ್ತಿಯ ಉಂಡೆ ಬೀಳಿಸುತ್ತೇನೆ. ಹತ್ತಿ ಸದ್ದು ಮಾಡುವುದಿಲ್ಲ, ಗಾಳಿಯನ್ನೂ ಎಬ್ಬಿಸುವುದಿಲ್ಲ. ಪ್ರಾಣಿ ಅದರ ಹಿಂದೆ ನೋಟ ಹರಿಸಿದರೆ ದೃಷ್ಟಿ ಇದೆ ಅಂತ ಗೊತ್ತಾಗುತ್ತದೆ.

ಯಾವ ಹನಿಯನ್ನೂ ಹಾಕುವ ಮೊದಲು ಕಣ್ಣೀರು ಅಳೆಯಬೇಕು. ಗುರುತು ಹಾಕಿದ ಸಣ್ಣ ಕಾಗದದ ಪಟ್ಟಿಯ ತುದಿಯನ್ನು ಕೆಳ ರೆಪ್ಪೆಯೊಳಗೆ ಸಿಕ್ಕಿಸಿ ಒಂದು ನಿಮಿಷ ಹಿಡಿಯುತ್ತೇನೆ. ನಾಯಿಯಲ್ಲಿ 15 ಮಿ.ಮೀ. ಅಥವಾ ಜಾಸ್ತಿ ಒದ್ದೆಯಾದರೆ ಸರಿ. 10ಕ್ಕಿಂತ ಕಡಿಮೆಯಾದರೆ ಒಣಕಣ್ಣು. ಇದು ಹೆಚ್ಚು ಕಾಡುವ ಪಗ್, ಶಿಟ್ಜು ತಳಿಯ ನಾಯಿಗಳು ನಮ್ಮೂರಲ್ಲೂ ಈಗ ಬಹಳ. "ಸಾರ್, ದಿನಾ ಬೆಳಗ್ಗೆ ಅಂಟು ಅಂಟಾಗಿ ಗೀಜು ಬರತ್ತೆ, ಎಷ್ಟು ಆಂಟಿಬಯೋಟಿಕ್ ಹಾಕಿದ್ರೂ ತಿರುಗಾ ಬರತ್ತೆ" ಅಂದರೆ ನನಗೆ ಮೊದಲು ನೆನಪಾಗುವುದು ಇದೇ. ಹೆಚ್ಚಿನ ನಾಯಿಗಳಲ್ಲಿ ಮೈಯ ರೋಗನಿರೋಧಕ ಶಕ್ತಿಯೇ ಕಣ್ಣೀರಿನ ಗ್ರಂಥಿಯ ಮೇಲೆ ಬಿದ್ದಿರುತ್ತದೆ. ಆಂಟಿಬಯೋಟಿಕ್ ಗೀಜನ್ನು ನಾಲ್ಕು ದಿನ ಕಡಿಮೆ ಮಾಡಬಹುದು, ಕಣ್ಣೀರು ತರುವುದಿಲ್ಲ. ಗ್ರಂಥಿಯ ಮೇಲಿನ ಆ ದಾಳಿಯನ್ನು ತಗ್ಗಿಸುವ ಸೈಕ್ಲೋಸ್ಪೋರಿನ್ ಅಥವಾ ಟ್ಯಾಕ್ರೋಲಿಮಸ್ ಔಷಧಿಯನ್ನು ದಿನಕ್ಕೆ ಎರಡು ಸಲ ಹಾಕಬೇಕು. ಫಲ ಕಾಣಲು ಹಲವು ವಾರ ಬೇಕು, ಸಾಮಾನ್ಯವಾಗಿ ಜೀವನಪೂರ್ತಿ ಹಾಕಬೇಕು. ಇದನ್ನು ಮೊದಲ ದಿನವೇ ಬಿಡಿಸಿ ಹೇಳುತ್ತೇನೆ. ಇಲ್ಲದಿದ್ದರೆ ಕಣ್ಣು ಹೊಳೆಯಲು ಶುರುವಾದ ಕೂಡಲೇ ನಿಲ್ಲಿಸಿಬಿಡುತ್ತಾರೆ.

ನಂತರ ಬಣ್ಣ. ಫ್ಲೋರೆಸಿನ್ ಪಟ್ಟಿಯ ತುದಿ ಕಿತ್ತಳೆ ಬಣ್ಣ. ಒಂದು ಹನಿ ಸಲೈನ್ ತಾಗಿಸಿ ಕಣ್ಣಿಗೆ ಮುಟ್ಟಿಸಿ, ಚೆನ್ನಾಗಿ ತೊಳೆದು, ನೀಲಿ ಬೆಳಕು ಬಿಡುತ್ತೇನೆ. ಕಪ್ಪು ಗುಡ್ಡೆಯ ಮೇಲಿರುವ ಪಾರದರ್ಶಕ ಪದರ ಕಾರ್ನಿಯಾ. ಅದರ ಮೇಲ್ಪದರ ಕಿತ್ತುಹೋದ ಕಡೆ ಮಾತ್ರ ಬಣ್ಣ ಅಂಟಿ ಹಸಿರಾಗಿ ಹೊಳೆಯುತ್ತದೆ. ಅಲ್ಲಿ ಹುಣ್ಣಿದೆ ಅಂತ ಅರ್ಥ. ಬರಿಗಣ್ಣಿಗೆ ಕಾಣದ ಗೀರು ಕೂಡ ಇದರಲ್ಲಿ ಸಿಕ್ಕಿಬೀಳುತ್ತದೆ. ನಮ್ಮ ಕೆಲಸದಲ್ಲಿ ಇಷ್ಟು ಅಗ್ಗದ, ಇಷ್ಟು ಉಪಕಾರದ ಪರೀಕ್ಷೆ ಇನ್ನೊಂದಿಲ್ಲ ಅಂತಲೇ ನನ್ನ ನಂಬಿಕೆ.

ಒಂದು ಮನೆಯವರು ಪಗ್ ತಂದಿದ್ದರು. "ತಾತನಿಗೆ ಪೊರೆ ಆಪರೇಷನ್ ಆದಾಗ ಕೊಟ್ಟ ಡ್ರಾಪ್ಸ್ ಇತ್ತು ಸಾರ್, ಅದನ್ನೇ ಹಾಕಿದ್ವಿ. ಮೊದಲು ಕೆಂಪು ಹೋಯ್ತು, ಆಮೇಲೆ ಬೆಳ್ಳಗಾಯ್ತು." ಆ ಡ್ರಾಪ್ಸ್‌ನಲ್ಲಿ ಸ್ಟೆರಾಯ್ಡ್ ಇತ್ತು. ಸ್ಟೆರಾಯ್ಡ್ ಕೆಂಪನ್ನು ಇಳಿಸುತ್ತದೆ, ಆದರೆ ಹುಣ್ಣು ಮಾಯಲು ಬಿಡುವುದಿಲ್ಲ. ಬಣ್ಣ ಹಾಕಿ ನೋಡಿದರೆ ಕಾರ್ನಿಯಾದ ಅರ್ಧ ಭಾಗ ಹಸಿರು, ಅಂಚು ಲೋಳೆಯಂತೆ ಕರಗುತ್ತಿತ್ತು. ಇಂಥ ಹುಣ್ಣಿನಲ್ಲಿ ಕಾರ್ನಿಯಾವನ್ನು ತಿನ್ನುವ ಕಿಣ್ವಗಳು ಕೆಲಸ ಮಾಡುತ್ತಿರುತ್ತವೆ. ಅದೇ ನಾಯಿಯ ರಕ್ತ ತೆಗೆದು, ಯಂತ್ರದಲ್ಲಿ ಜೋರಾಗಿ ತಿರುಗಿಸಿ, ಮೇಲೆ ನಿಂತ ತಿಳಿ ದ್ರವವನ್ನು, ಅಂದರೆ ಸೀರಮ್ಮನ್ನು, ಶುದ್ಧವಾದ ಬಾಟಲಿಗೆ ತುಂಬಿ ಕೊಟ್ಟೆ. ಆ ಕಿಣ್ವಗಳನ್ನು ತಡೆಯುವ ಗುಣ ಸೀರಮ್‌ನಲ್ಲಿದೆ. ಫ್ರಿಜ್‌ನಲ್ಲಿಟ್ಟು ಗಂಟೆಗೊಂದು ಹನಿ, ಜೊತೆಗೆ ಆಂಟಿಬಯೋಟಿಕ್ ಹನಿ, ನೋವಿನ ಮಾತ್ರೆ. ಮನೆಯವರು ರಾತ್ರಿಯೂ ಸರದಿಯಲ್ಲಿ ಎದ್ದು ಹಾಕಿದರು. ಕಣ್ಣು ಉಳಿಯಿತು, ಮಧ್ಯೆ ಬಿಳಿ ಕಲೆ ನಿಂತಿತು. ಹುಣ್ಣು ಇನ್ನೂ ಆಳಕ್ಕೆ ಇಳಿದಿದ್ದರೆ ಹೊಲಿಗೆಯ ಆಪರೇಷನ್ ಬೇಕಿತ್ತು. ಅಂಥವನ್ನು ನಾನು ಬೆಂಗಳೂರಿಗೆ, ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿಗೆ ಕಳಿಸುತ್ತೇನೆ.

ಅದೇ ಸ್ಟೆರಾಯ್ಡ್ ಹನಿಯನ್ನು ನಾನೇ ಬರೆದುಕೊಡುವ ಸಂದರ್ಭವೂ ಇದೆ. ನಮ್ಮ ಭಾಗದಲ್ಲಿ ನಾಯಿಗಳಿಗೆ ಉಣ್ಣೆ ಹುಳು ಕಚ್ಚಿ ಬರುವ ಜ್ವರ ಜಾಸ್ತಿ. ಕಂದು ಉಣ್ಣೆಯಿಂದ ಬರುವ ಎರ್ಲಿಕಿಯಾ ರೋಗಾಣು ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಇಳಿಸುತ್ತದೆ, ಕಣ್ಣಿನ ಒಳಗೆ ಉರಿಯೂತ ತರುತ್ತದೆ, ಕೆಲವೊಮ್ಮೆ ರಕ್ತವೇ ತುಂಬುತ್ತದೆ. ಕಣ್ಣು ಮಂಜಾಗಿ, ಪಾಪೆ ಸಣ್ಣದಾಗಿ ಕಂಡರೆ ಒಸಡಿನ ಮೇಲೆ ಕೆಂಪು ಚುಕ್ಕಿ ಇದೆಯಾ ಅಂತ ನೋಡಿ, ರಕ್ತ ಪರೀಕ್ಷೆ ಮಾಡಿಸುತ್ತೇನೆ. ಬಣ್ಣ ಅಂಟದಿದ್ದರೆ ಮಾತ್ರ ಸ್ಟೆರಾಯ್ಡ್ ಹನಿ, ಜೊತೆಗೆ 28 ದಿನ ಡಾಕ್ಸಿಸೈಕ್ಲಿನ್ ಆಂಟಿಬಯೋಟಿಕ್. ಎರಡೂ ಕಣ್ಣು ನೀಲಿ-ಬಿಳಿ ಮೋಡದಂತಾಗಿ, ಜ್ವರವೂ ಬಂದು ಹೋಗುತ್ತಿದ್ದರೆ ಟ್ರಿಪನೋಸೋಮಾ ಪರಾವಲಂಬಿ ಇದೆಯಾ ಅಂತ ರಕ್ತದಲ್ಲಿ ಹುಡುಕಲೇಬೇಕು. ಆಗ ಬರೀ ಕಣ್ಣಿಗೆ ಹನಿ ಹಾಕಿ ಪ್ರಯೋಜನ ಇಲ್ಲ.

ನಮ್ಮೂರಿನ ಇನ್ನೊಂದು ಅಪಾಯ ಸುಣ್ಣ. ರೇಷ್ಮೆ ಹುಳು ಜ್ವರಕ್ಕೆ ಕೂತಾಗ, ಅಂದರೆ ಮೇವು ಬಿಟ್ಟು ಹಳೆ ಚರ್ಮ ಕಳಚುವಾಗ, ತಟ್ಟೆಗಳ ಮೇಲೆ ಸುಣ್ಣದ ಪುಡಿ ಉದುರಿಸುತ್ತಾರೆ. ಇಲಿ ಕಾಟಕ್ಕೆ ಅಂತ ಹುಳು ಮನೆಯ ಸುತ್ತ ಬೆಕ್ಕು ಇದ್ದೇ ಇರುತ್ತದೆ. ಆ ಪುಡಿ ಕಣ್ಣಿಗೆ ಬಿದ್ದರೆ ಗಂಟೆಗಟ್ಟಲೆ ಒಳಒಳಗೇ ಸುಡುತ್ತಾ ಹೋಗುತ್ತದೆ. ಗಾಡಿ ಹತ್ತುವ ಮೊದಲು ತೊಳೆಯಬೇಕು. ಮುಖದ ಮೇಲಿನ ಪುಡಿಯನ್ನು ಒಣ ಬಟ್ಟೆಯಿಂದ ಒರೆಸಿ, ಕುಡಿಯುವ ನೀರನ್ನು ಧಾರೆಯಾಗಿ ಅರ್ಧ ಗಂಟೆ ಬಿಡಿ. ಬೆಕ್ಕನ್ನು ಟವೆಲ್‌ನಲ್ಲಿ ಬಿಗಿಯಾಗಿ ಸುತ್ತಿಕೊಂಡರೆ ಪರಚುವುದಿಲ್ಲ. ಇಲ್ಲಿಗೆ ಬಂದ ಮೇಲೆ ನಾನು ಕಣ್ಣು ಮರಗಟ್ಟಿಸಿ, ಕಣ್ಣಿನ ಒಳಮೂಲೆಯಲ್ಲಿರುವ ಮೂರನೇ ರೆಪ್ಪೆಯನ್ನು ಎತ್ತಿ, ಹಿಂದೆ ಸಿಕ್ಕಿಕೊಂಡ ಪುಡಿಯನ್ನೂ ತೆಗೆಯುತ್ತೇನೆ. ಆ ಮರಗಟ್ಟಿಸುವ ಹನಿಯನ್ನು ಮಾತ್ರ ಮನೆಗೆ ಕೊಡುವುದಿಲ್ಲ. ದಿನಾ ಹಾಕಿದರೆ ಅದೇ ಕಾರ್ನಿಯಾವನ್ನು ಕೆಡಿಸುತ್ತದೆ.

ಬೆಕ್ಕಿನ ಮರಿಗಳ ಕಣ್ಣು ಊದಿ, ಅಂಟಿಕೊಂಡು, ಜೊತೆಗೆ ಸೀನು ಇದ್ದರೆ ಹೆಚ್ಚಾಗಿ ಹರ್ಪಿಸ್ ವೈರಸ್ ಅಥವಾ ಕ್ಲಮೈಡಿಯಾ. ಬೆಚ್ಚಗಿನ ನೀರಲ್ಲಿ ಹತ್ತಿ ಅದ್ದಿ ಮೃದುವಾಗಿ ಬಿಡಿಸಬೇಕು, ಕೀವು ಒಳಗೇ ನಿಂತರೆ ಕಣ್ಣೇ ಹೋಗುತ್ತದೆ. ವಯಸ್ಸಾದ ಬೆಕ್ಕು ರಾತ್ರೋರಾತ್ರಿ ಕುರುಡಾಗಿ ಪಾಪೆ ದೊಡ್ಡದಾಗಿದ್ದರೆ ಬಿಪಿ ನೋಡುತ್ತೇನೆ. ಕಿಡ್ನಿ ಕೆಟ್ಟ ಬೆಕ್ಕುಗಳಲ್ಲಿ ಬಿಪಿ ಏರಿ, ಕಣ್ಣಿನ ಹಿಂಭಾಗದಲ್ಲಿ ಬೆಳಕನ್ನು ಗ್ರಹಿಸುವ ಪದರವಾದ ರೆಟಿನಾ ಕಳಚಿಕೊಳ್ಳುತ್ತದೆ. ಬೇಗ ಬಿಪಿ ಇಳಿಸುವ ಅಮ್ಲೋಡಿಪಿನ್ ಶುರುಮಾಡಿದರೆ ಕೆಲವಕ್ಕೆ ಸ್ವಲ್ಪ ನೋಟ ಮರಳುತ್ತದೆ. ಬರೀ ಹಾಲು-ಅನ್ನ ತಿನ್ನಿಸುವ ಮನೆಯವರಿಗೂ ಒಂದು ಮಾತು ಹೇಳಲೇಬೇಕು. ಬೆಕ್ಕಿಗೆ ಟಾರಿನ್ ಅನ್ನುವ ಪೋಷಕಾಂಶ ಬೇಕು, ಅದು ಸಿಗುವುದು ಮಾಂಸ, ಮೀನಿನಿಂದ. ತುಂಬಾ ಕಾಲ ಅದು ಸಿಗದಿದ್ದರೆ ರೆಟಿನಾ ಸಾಯುತ್ತದೆ, ಹೋದ ನೋಟ ಮತ್ತೆ ಬರುವುದಿಲ್ಲ.

ಕೆಲವು ವಿಷಯ ಬೇಗ ಹೇಳಿಬಿಡುತ್ತೇನೆ. ಏಳೆಂಟು ವರ್ಷ ದಾಟಿದ ನಾಯಿಯ ಪಾಪೆ ತಿಳಿನೀಲಿಯಾಗಿ ಕಂಡರೂ ನೋಟ ಚೆನ್ನಾಗಿದ್ದರೆ, ಬಹುಪಾಲು ಅದು ವಯಸ್ಸಿನ ಬದಲಾವಣೆ, ಪೊರೆ ಅಲ್ಲ. ಮೂಲೆಯಲ್ಲಿ ಕೆಂಪು ಗಂಟು ಎದ್ದರೆ ಅದು ಮೂರನೇ ರೆಪ್ಪೆಯ ಗ್ರಂಥಿ. ಕತ್ತರಿಸಿ ಎಸೆಯಬಾರದು, ಒಳಗೆ ಕೂರಿಸಿ ಹೊಲಿಯಬೇಕು. ಕಣ್ಣೀರಿನ ದೊಡ್ಡ ಪಾಲು ಬರುವುದು ಅಲ್ಲಿಂದಲೇ. ಕೆಂಪಾಗಿ, ಮಂಜಾಗಿ, ಪಾಪೆ ದೊಡ್ಡದಾಗಿ, ನಾಯಿ ತಲೆ ಮುಟ್ಟಲು ಬಿಡದಿದ್ದರೆ ಕಣ್ಣಿನ ಒಳಗಿನ ಒತ್ತಡ ಏರುವ ಗ್ಲಾಕೋಮಾ ಇರಬಹುದು, ಆಗ ನಾಳೆ ಅನ್ನುವ ಮಾತೇ ಬೇಡ. ಪಗ್‌ನ ಗುಡ್ಡೆ ಹೊರಗೆ ಬಂದುಬಿಟ್ಟರೆ ಒತ್ತಿ ಕೂರಿಸಲು ಹೋಗಬೇಡಿ. ಸಲೈನ್‌ನಲ್ಲಿ ಅದ್ದಿದ ಬಟ್ಟೆ ಮುಚ್ಚಿ, ಕತ್ತಿನ ಬೆಲ್ಟ್ ಬಿಚ್ಚಿ, ಎತ್ತಿಕೊಂಡು ತಕ್ಷಣ ಬನ್ನಿ.

ಹುಣ್ಣಿರುವ ನಾಯಿಗೆ ಕತ್ತಿನ ಕೋನ್ ಹಾಕದೆ ಕಳಿಸುವುದಿಲ್ಲ. ಒಂದು ಸಲ ಉಜ್ಜಿಕೊಂಡರೆ ವಾರದ ಕೆಲಸ ಹಾಳು. ಎರಡು ಬಗೆಯ ಹನಿ ಇದ್ದರೆ ಮಧ್ಯೆ ಐದು ನಿಮಿಷ ಬಿಡಬೇಕು, ಮುಲಾಮು ಕೊನೆಗೆ. ಎರಡು ಮೂರು ದಿನಕ್ಕೆ ಮತ್ತೆ ಕರೆಸಿ ಬಣ್ಣ ಹಾಕುತ್ತೇನೆ. ಸಾಮಾನ್ಯ ಗೀರು ಒಂದು ವಾರದೊಳಗೆ ಮಾಯುತ್ತದೆ. ಮಾಯದಿದ್ದರೆ ಔಷಧಿ ಬದಲಾಯಿಸುವ ಮೊದಲು ಕಾರಣ ಹುಡುಕುತ್ತೇನೆ: ಒಳಕ್ಕೆ ತಿರುಗಿದ ಕೂದಲು, ಮೂರನೇ ರೆಪ್ಪೆಯ ಹಿಂದೆ ಸಿಕ್ಕ ಹುಲ್ಲಿನ ಊಬು, ಇಲ್ಲವೇ ಕಣ್ಣೀರಿನ ಕೊರತೆ.