ಹುಳುವನ್ನು ಹರಿದು ನೋಡಿದ ದಿನ

ಬಿಸಿಲಿನ ಝಳಕ್ಕೆ ನನ್ನ ರೇಷ್ಮೆಹುಳುಗಳಿಗೆ ಸಪ್ಪೆ ರೋಗ (ಮೈ ಮೆತ್ತಗಾಗಿ ಸಾಯುವ ರೋಗ) ಬಂದಿದೆ ಎಂದು ಅಕ್ಕಪಕ್ಕದವರು ಹೇಳಿದರು. ನಾನೂ ಹಾಗೆಂದೇ ನಂಬಿ ಕಿಟಕಿಗಳಿಗೆ ಒದ್ದೆ ಗೋಣಿಚೀಲ ಕಟ್ಟಿದೆ, ಎಳೆಯ ಸೊಪ್ಪು ಹಾಕಿದೆ. ನಾಲ್ಕನೇ ಜ್ವರದಿಂದ (ಹುಳು ಮೇವು ಬಿಟ್ಟು ಪೊರೆ ಕಳಚುವ ಹಂತ) ಎದ್ದು ಮೂರು ದಿನವಾಗಿದ್ದರೂ ಹುಳುಗಳು ಒಂದೇ ಸಮ ಬೆಳೆದಿರಲಿಲ್ಲ. ಅರ್ಧದಷ್ಟಕ್ಕೆ ಮೈ ಸಣ್ಣ, ತಲೆ ಮಾತ್ರ ದೊಡ್ಡದು.

ಅನುಮಾನ ಹುಟ್ಟಿಸಿದ್ದು ಹಿಕ್ಕೆ. ಕಪ್ಪಗೆ, ಗಟ್ಟಿಯಾಗಿ ಬೀಳಬೇಕಾದದ್ದು ಬಿಳಿಚಿಕೊಂಡು ಅಂಟುತ್ತಿತ್ತು. ಒಂದು ಹುಳುವಿನ ಕಾಲು ಕತ್ತರಿಸಿದೆ, ರಸ ತಿಳಿಯಾಗಿತ್ತು. ಹಾಲುತೊಂಡೆ ಎಂಬ ಇನ್ನೊಂದು ರೋಗವಾಗಿದ್ದರೆ ಅದು ಹಾಲಿನಂತೆ ಇರುತ್ತಿತ್ತು. ಆಮೇಲೆ ಇನ್ನೊಂದರ ತಲೆ, ಬಾಲ ಹಿಡಿದು ಮೆಲ್ಲಗೆ ಎಳೆದೆ. ಆರೋಗ್ಯದ ಹುಳುವಿನ ಕರುಳಿನಲ್ಲಿ ತಿಂದ ಸೊಪ್ಪಿನ ಹಸಿರು ಕಾಣುತ್ತದೆ. ಇದರದ್ದು ಬಾಲದ ಕಡೆಯಿಂದ ಸುಣ್ಣ ಬಳಿದ ಹಾಗೆ ಬೆಳ್ಳಗೆ, ಸುಕ್ಕುಸುಕ್ಕು.

ಕರುಳನ್ನು ಹೀಗೆ ಕೆಡಿಸುವುದು ಸೈಪೋವೈರಸ್. ಅದರ ಆನುವಂಶಿಕ ವಸ್ತು ಜೋಡಿ ಎಳೆಯ ಆರ್‌ಎನ್‌ಎ, ಹತ್ತು ತುಂಡು. ಕರುಳಿನ ಕೋಶಗಳಲ್ಲಷ್ಟೇ ಬೆಳೆದು, ಪ್ರೋಟೀನಿನ ಹರಳುಗಳೊಳಗೆ ಅವಿತು ಹಿಕ್ಕೆಯ ಜೊತೆ ಹೊರಬರುತ್ತದೆ. ಹರಳು ಬಿದ್ದ ಸೊಪ್ಪನ್ನು ಪಕ್ಕದ ಹುಳು ತಿಂದರೆ ಅದರ ಕರುಳಿನ ಕ್ಷಾರ ಹರಳನ್ನು ಕರಗಿಸಿ ವೈರಸ್ಸನ್ನು ಬಿಡಿಸುತ್ತದೆ. (ಇದೇ ವೈರಸ್ಸಿನ, ಪ್ರೋಟೀನ್ ಕಟ್ಟುವ ಸಂದೇಶ ಒಯ್ಯುವ ಎಂಆರ್‌ಎನ್‌ಎ ತುದಿಯಲ್ಲಿ ಒಂದು ವಿಶಿಷ್ಟ ‘ಟೋಪಿ’ ಇರುವುದನ್ನು ಜಪಾನಿನ ವಿಜ್ಞಾನಿಗಳಾದ ಫುರುಯಿಚಿ, ಮಿಯುರಾ 1975ರಲ್ಲಿ ತೋರಿಸಿದರು. ಅಂಥ ಟೋಪಿಯೇ ಇಂದಿನ ಎಂಆರ್‌ಎನ್‌ಎ ಲಸಿಕೆಗಳಲ್ಲಿದೆ. ನನ್ನ ಬೆಳೆ ಕೆಡಿಸಿದ್ದಕ್ಕೆ ಅದು ಸಮಾಧಾನವೇನಲ್ಲ.)

ತಪ್ಪು ನನ್ನದೇ. ಹಿಂದಿನ ಬೆಳೆ ಮುಗಿದಾಗ ಹುಳುಮನೆಯ ರೋಗಾಣು ಕೊಲ್ಲಲು ಬಾಯಿ ಬಿಚ್ಚಿಟ್ಟ ಚೀಲದ ಬ್ಲೀಚಿಂಗ್ ಪುಡಿ ಬಳಸಿದ್ದೆ. ವಾಸನೆಯೇ ಇರಲಿಲ್ಲ, ಅಂದರೆ ಕ್ಲೋರಿನ್ ಹಾರಿಹೋಗಿತ್ತು. ಸುಣ್ಣವನ್ನೂ ಸೇರಿಸಿರಲಿಲ್ಲ. ಹರಳನ್ನು ಕರಗಿಸಲು ಕ್ಷಾರ ಬೇಕು, ಒಳಗಿನದನ್ನು ಕೊಲ್ಲಲು ಕ್ಲೋರಿನ್ ಬೇಕು. ನಾನು ಎರಡನ್ನೂ ಕೊಟ್ಟಿರಲಿಲ್ಲ.

ಉಳಿದ ಹುಳುಗಳನ್ನು ಸಾಕುವ ಆಸೆ ಬಿಟ್ಟೆ. ಸೊಪ್ಪು, ಹಿಕ್ಕೆಯ ಹಾಸಿಗೆ ಸಮೇತ ಹೊರಗೆ ಸಾಗಿಸಿ ಸುಟ್ಟೆ. ಗೊಬ್ಬರದ ಗುಂಡಿಗೆ ಹಾಕಿದ್ದರೆ ಅದೇ ಹಿಕ್ಕೆ ತೋಟದ ಸೊಪ್ಪಿನ ಮೂಲಕ ಮತ್ತೆ ಮನೆಗೆ ಬರುತ್ತಿತ್ತು. ಹೊಸ ಪುಡಿ ತಂದು ಹತ್ತು ಲೀಟರ್ ನೀರಿಗೆ 200 ಗ್ರಾಂ ಬ್ಲೀಚಿಂಗ್, 30 ಗ್ರಾಂ ಸುಣ್ಣ ಬೆರೆಸಿ ಗೋಡೆ, ನೆಲ, ಹುಳು ಸಾಕುವ ಅಟ್ಟಣಿಗೆ, ಗೂಡು ಕಟ್ಟಲು ಹುಳು ಬಿಡುವ ಚಂದ್ರಿಕೆಗಳು ತೊಯ್ಯುವಂತೆ ಸಿಂಪಡಿಸಿದೆ. ಕಣ್ಣು ಉರಿಯಿತು. ಆ ಉರಿಯಿಂದಲೇ ಪುಡಿ ಒಳ್ಳೆಯದೆಂದು ಖಾತ್ರಿಯಾಯಿತು.

ಮುಂದಿನ ಬೆಳೆಯಲ್ಲಿ ನಾಲ್ಕನೇ ಜ್ವರ ಕಳೆದು ಎರಡು ದಿನಕ್ಕೆ ಪ್ರತಿ ಅಟ್ಟಣಿಗೆಯಿಂದ ಒಂದೊಂದು ಹುಳು ತೆಗೆದು ಹರಿದೆ. ಎಂಟೂ ಹಸಿರು.