ನಾಲ್ಕನೇ ಕ್ಲಾಸಿನಲ್ಲಿ ಮತ್ತೆ ಒತ್ತಕ್ಷರ

ಕೊರೊನಾದಿಂದ ನಿಂತಿದ್ದ ಒಂದರಿಂದ ಐದರವರೆಗಿನ ತರಗತಿ 2021ರ ಅಕ್ಟೋಬರ್ 25ಕ್ಕೆ ಮತ್ತೆ ಶುರುವಾದಾಗ ನಾನು ನಾಲ್ಕನೇ ಕ್ಲಾಸಿನ ಟೀಚರ್. ಹಾಜರಿ ಪುಸ್ತಕದಲ್ಲಿ ಮಾತ್ರ ಅದು ನಾಲ್ಕನೇ ಕ್ಲಾಸು. ಈ ಮಕ್ಕಳು ಶಾಲೆಯಲ್ಲಿ ಕೂತು ನೆಟ್ಟಗೆ ಕಲಿತಿದ್ದು 2020ರ ಮಾರ್ಚ್‌ವರೆಗೆ, ಎರಡನೇ ಕ್ಲಾಸಿನಲ್ಲಿ, ಚಟುವಟಿಕೆಯ ಮೂಲಕ ಕಲಿಸುವ ನಲಿ-ಕಲಿಯಲ್ಲಿ. ನಡುವೆ, ಶಾಲೆ ಮುಚ್ಚಿದ್ದಾಗ ಮಕ್ಕಳಿದ್ದಲ್ಲೇ ಹೋಗಿ ಕಲಿಸುವ ಸರ್ಕಾರದ ಕಾರ್ಯಕ್ರಮ ವಿದ್ಯಾಗಮ ಅಂತ, ಗುಡಿ ಜಗಲಿಯಲ್ಲಿ ಸ್ವಲ್ಪ ದಿನ ಪಾಠ ಮಾಡಿದ್ದೆವು. ಆನ್‌ಲೈನ್ ಮಾತು ಬೇಡ. ಫೋನು ಅಪ್ಪನ ಜೇಬಿನಲ್ಲಿ, ಅಪ್ಪ ಕೂಲಿಗೆ.

ಮೊದಲು ಎಲ್ಲರಿಂದ ಓದಿಸಿದೆ. ಅಕ್ಷರ ಮರೆತವರು ಕಡಿಮೆ, ಒತ್ತಕ್ಷರ ಮರೆತವರೇ ಜಾಸ್ತಿ. ‘ಹಣ್ಣು’ ಅಂತಿದ್ದರೆ ‘ಹಣು’ ಅನ್ನುತ್ತಿದ್ದರು. ಕೆಲವರು ಮೊದಲ ಅಕ್ಷರ ನೋಡಿ ಉಳಿದದ್ದನ್ನು ಊಹಿಸಿಬಿಡುತ್ತಿದ್ದರು. ಇಂಥವರ ಮುಂದೆ ನಾಲ್ಕನೇ ಕ್ಲಾಸಿನ ಪುಸ್ತಕ ತೆರೆದು ಏನು ಮಾಡೋದು? ಮುಚ್ಚಿಟ್ಟೆ.

ಅವರ ಮಾತನ್ನೇ ಪಾಠ ಮಾಡಿಕೊಂಡೆ. ದಿನಾ ಬೆಳಿಗ್ಗೆ ಒಬ್ಬರು ಮನೆಯ ಸುದ್ದಿ ಹೇಳಬೇಕು, ನಾನು ಹಾಗೇ ಬೋರ್ಡಿನ ಮೇಲೆ ಬರೆಯುತ್ತಿದ್ದೆ. ‘ನಮ್ಮ ಎಮ್ಮೆ ಕರು ಹಾಕಿತು. ಅಜ್ಜಿ ಗಿಣ್ಣು ಮಾಡಿದಳು.’ ಅಷ್ಟರಲ್ಲೇ ಮ ಒತ್ತು, ಜ ಒತ್ತು, ಣ ಒತ್ತು ಎಲ್ಲ ಬಂತು ನೋಡಿ! ತಾನೇ ಹೇಳಿದ ಮಾತಾದ್ದರಿಂದ ಓದೋಕೆ ಹೆದರಿಕೆ ಇಲ್ಲ. ಆಮೇಲೆ ಒತ್ತು ಅಳಿಸಿ, ‘ಈಗ ಓದು’ ಅನ್ನುತ್ತಿದ್ದೆ. ‘ಎಮೆ’ ಅಂತ ಓದಿ ಕ್ಲಾಸೆಲ್ಲ ನಗು. ಒತ್ತು ಯಾಕೆ ಬೇಕು ಅಂತ ನಾನು ವಿವರಿಸುವ ಕೆಲಸವೇ ಉಳಿಯಲಿಲ್ಲ.

ಮೊದಲ ಪೀರಿಯಡ್ಡಿನಲ್ಲಿ ಮೂರು, ನಾಲ್ಕು, ಐದನೇ ಕ್ಲಾಸಿನವರನ್ನು ಸೇರಿಸಿ, ಯಾರು ಎಷ್ಟು ಓದುತ್ತಾರೋ ಅದರ ಮೇಲೆ ಗುಂಪು ಮಾಡಿದೆವು. ಐದನೆಯ ಹುಡುಗರಿಗೆ ಮೂರನೆಯವರ ಪಕ್ಕ ಕೂರೋದು ಅವಮಾನ. ಒಬ್ಬ ಎರಡು ದಿನ ಬರಲೇ ಇಲ್ಲ. ಅವನಿಗೆ ಒಂದು ಪುಟ್ಟ ಕಥೆ ಕೊಟ್ಟು, ‘ಶನಿವಾರ ಚಿಕ್ಕವರಿಗೆ ನೀನೇ ಓದಿ ಹೇಳಬೇಕು ಕಣೋ’ ಅಂದೆ. ವಾರವಿಡೀ ಅದೇ ಪುಟ ಓದಿದ, ಪಾಪ.

ಲೆಕ್ಕದ ಕಥೆಯೇ ಬೇರೆ. ರಜೆಯಲ್ಲಿ ತರಕಾರಿ ಗಾಡಿ ಹತ್ತಿರ ನಿಂತ ಮಕ್ಕಳು ನೂರರ ನೋಟಿಗೆ ಚಿಲ್ಲರೆಯನ್ನು ಬಾಯಲ್ಲೇ ಹೇಳುತ್ತಿದ್ದರು. ಅದೇ ಕಳೆಯುವ ಲೆಕ್ಕ ಬೋರ್ಡಿನ ಮೇಲಿದ್ದರೆ, ದಶಕ ತೆಗೆದುಕೊಳ್ಳೋದು ಗೊತ್ತಾಗದೆ ಪೆನ್ಸಿಲ್ ಕಚ್ಚುತ್ತಾ ಕೂರುತ್ತಿದ್ದರು. ಬಾಯಿಲೆಕ್ಕವನ್ನು ಮೊದಲು ಮಾಡಿಸಿ ಆಮೇಲೆ ಬರೆಸಿದೆ. ಇದು ಬೇಗ ಹಿಡಿಯಿತು.

ನಿಜವಾಗಿ ಕಷ್ಟವಾಗಿದ್ದು ಒಂದನೇ ಕ್ಲಾಸಿನ ಟೀಚರಿಗೆ. ಅಂಗನವಾಡಿಯನ್ನೂ ಸರಿಯಾಗಿ ಕಾಣದ ಮಕ್ಕಳು, ಟೀಚರ ಬಾಯಿಗೆ ಮಾಸ್ಕು. ಪ ಯಾವುದು, ತ ಯಾವುದು ಅಂತ ತುಟಿ ನೋಡಿ ತಿಳಿಯೋದು ಹೇಗೆ?

ಮುಂದಿನ ವರ್ಷ, 2022-23ರಲ್ಲಿ, ಸರ್ಕಾರವೇ ‘ಕಲಿಕಾ ಚೇತರಿಕೆ’ ತಂದಿತು. ಹಿಂದಿನ ತರಗತಿಗಳಲ್ಲಿ ತಪ್ಪಿಹೋದ ಕಲಿಕೆಯಿಂದಲೇ ಶುರು ಮಾಡಿ ಎಂದಿತು. ಕಲಿಕಾ ಹಾಳೆಗಳು ಚೆನ್ನಾಗಿದ್ದವು. ದಾಖಲೆ ತುಂಬುವ ಕೆಲಸ ಮಾತ್ರ ಅತಿಯಾಯಿತು, ಅಲ್ವಾ? ಹಾಳೆ ಜೋಡಿಸುವ ಹೊತ್ತಿಗೆ ಇನ್ನೊಂದು ಮಗುವಿನಿಂದ ಓದಿಸಬಹುದಿತ್ತು. ಬೆಳಗಿನ ಸುದ್ದಿಯನ್ನಂತೂ ನಾನು ಆ ವರ್ಷವೂ ಬಿಡಲಿಲ್ಲ. ಮಕ್ಕಳೇ ಬಿಡಲಿಲ್ಲ ಅನ್ನಿ.